ಮಗುವಿನ ಜ್ವರ, ತಾಯಿಯ ಹಾಜರಿ

ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಸಲ ಹೆಚ್ಚುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹೊತ್ತಿಗೆ ಇನ್ನೊಮ್ಮೆ. ಮೊದಲನೆಯದು ಕಾಫಿ ಕೊಯ್ಲಿನ ಭರದಲ್ಲೇ ಬರುತ್ತದೆ. ತೋಟದ ಶಿಶುವಿಹಾರ ತುಂಬಿರುವುದೂ ಆಗಲೇ.

ಶಿಶುವಿಹಾರದವರಿಗೆ ವೈದ್ಯರು ಹೇಳುವ ಮಾತುಗಳಲ್ಲಿ ಹೆಚ್ಚಿನವು ಕಷ್ಟದವಲ್ಲ. ಮಕ್ಕಳೂ ಆಯಾಗಳೂ ಸೋಪು ಹಚ್ಚಿ ಕೈ ತೊಳೆಯಬೇಕು. ಒಂದು ಮಗುವಿನ ಮೂಗು ಒರೆಸಿದ ಬಟ್ಟೆ ಇನ್ನೊಂದಕ್ಕೆ ತಾಗಬಾರದು. ಆಟದ ಸಾಮಾನು, ಸ್ಟೀಲ್ ಲೋಟಗಳ ಮೇಲೆ ರೋಗಾಣು ಒಂದೆರಡು ದಿನ ಬದುಕಬಲ್ಲದಾದ್ದರಿಂದ ಅವನ್ನು ದಿನವೂ ತೊಳೆಯಬೇಕು. ಕಿಟಕಿ ತೆರೆದಿರಬೇಕು. (ಚಳಿಯೆಂದು ಕಿಟಕಿ ಮುಚ್ಚಿ ಮಕ್ಕಳನ್ನು ಒಲೆಯ ಹೊಗೆಯಲ್ಲಿ ಕೂರಿಸುವುದು ಚಳಿಗಿಂತ ಕೆಟ್ಟದ್ದು.)

ನಡೆಯದೆ ಉಳಿಯುವುದು ಒಂದೇ ಮಾತು: ಜ್ವರ ಬಂದ ಮಗು ಮನೆಯಲ್ಲೇ ಇರಲಿ, ಔಷಧಿಯ ನೆರವಿಲ್ಲದೆ ಜ್ವರ ಬಿಟ್ಟು ಪೂರ್ತಿ ಒಂದು ದಿನ ಕಳೆದ ಮೇಲೆ ಬರಲಿ ಎಂಬುದು. ಲೈನ್ ಮನೆಯ ತಾಯಿ ಮಗುವಿನೊಡನೆ ಉಳಿದರೆ ಹಾಜರಿ ಹೋಗುತ್ತದೆ. ಕೊಯ್ಲಿನಲ್ಲಿ ಕಿಲೋ ಲೆಕ್ಕದ ಹೆಚ್ಚಿನ ಸಂಪಾದನೆಯೂ ಹೋಗುತ್ತದೆ. ಆದ್ದರಿಂದ ಅವಳು ಬೆಳಿಗ್ಗೆ ಜ್ವರದ ಔಷಧಿ ಕುಡಿಸಿ, ಮೈ ತಣ್ಣಗಾದ ಹೊತ್ತಿಗೆ ಮಗುವನ್ನು ಕರೆತರುತ್ತಾಳೆ. ಮಧ್ಯಾಹ್ನ ಮೈ ಮತ್ತೆ ಕಾಯುವಷ್ಟರಲ್ಲಿ ಅದು ಹತ್ತು ಮಕ್ಕಳ ನಡುವೆ ಕೆಮ್ಮಿಯಾಗಿರುತ್ತದೆ. ಇದಕ್ಕಾಗಿ ತಾಯಿಯನ್ನೂ ಆಯಾಳನ್ನೂ ಬೈಯುವ ಮಾಲೀಕರಿದ್ದಾರೆ. ಬೈದು ಫಲವೇನು?

ಆ ನಾಲ್ಕೈದು ದಿನಗಳ ಕೂಲಿಯನ್ನು ತೋಟದವರೇ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ದುಬಾರಿ ಎನ್ನುವವರು ಲೆಕ್ಕ ಹಾಕಿ ನೋಡಲಿ: ಲೈನಿಗೆ ಲೈನೇ ಮಲಗಿದರೆ ಹಣ್ಣು ಕೊಯ್ಯುವವರಿಲ್ಲದೆ ನೆಲಕ್ಕುದುರುತ್ತದೆ. ಕೊಳೆರೋಗ ಬರುವ ಮೊದಲೇ ಬೋರ್ಡೋ ಹೊಡೆಸುವ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಹೊಸತೇನಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಐವತ್ತು ಹೆಣ್ಣಾಳುಗಳಿದ್ದ ತೋಟಗಳಿಗೆ ಶಿಶುವಿಹಾರ ಕಡ್ಡಾಯ ಮಾಡಿತ್ತು. ಸಣ್ಣ ಹಿಡುವಳಿಯಲ್ಲಿ ಶಿಶುವಿಹಾರವೇ ಇರುವುದಿಲ್ಲ. ಮಕ್ಕಳು ಅಡಿಕೆ ಸುಲಿಯುವ ತಾಯಂದಿರ ಪಕ್ಕದಲ್ಲೇ ಒತ್ತಾಗಿ ಕೂತಿರುತ್ತವೆ. ಜ್ವರ ಅಲ್ಲೂ ಹಾಗೆಯೇ ಹರಡುತ್ತದೆ.

ಐದು ವರ್ಷದೊಳಗಿನ, ಅದರಲ್ಲೂ ಎರಡು ತುಂಬದ ಮಕ್ಕಳಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು. ಉಸಿರು ವೇಗವಾದರೆ, ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜೀಪು ಕೊಯ್ಲಿನ ಕೆಲಸದಲ್ಲಿದೆ ಎನ್ನಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮಲೆನಾಡಿನಲ್ಲಿ ಮಂಗನ ಕಾಯಿಲೆಯೂ ಇದೇ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಕಾಡಂಚಿನ ತೋಟದವರು ಎಲ್ಲ ಜ್ವರವನ್ನೂ ಫ್ಲೂ ಎಂದು ತಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಲಿ.

ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ದೊಡ್ಡವರವರೆಗೂ ಹಾಕಿಸಬಹುದು, ವರ್ಷವರ್ಷವೂ ಹಾಕಿಸಬೇಕು. ಆಯಾಗಳ ಲಸಿಕೆಯ ಖರ್ಚನ್ನೂ, ಸಣ್ಣ ಬೆಳೆಗಾರರು ಕೊಡುವ ಜ್ವರದ ದಿನಗಳ ಕೂಲಿಯಲ್ಲಿ ಅರ್ಧವನ್ನೂ ಸಂಘವೇ ಭರಿಸುವ ಬಗ್ಗೆ ಮುಂದಿನ ಮಹಾಸಭೆಯಲ್ಲಿ ನಿರ್ಣಯ ಮಂಡಿಸಲಿದ್ದೇವೆ. ವಿರೋಧವಿರುವ ಸದಸ್ಯರು ಸಭೆಗೆ ಬಂದು ಹೇಳಲಿ.