ಮನೆಗೆಲಸದವರೂ ಮನೆಯೊಡೆಯರೂ

ಮನೆಗೆಲಸಕ್ಕೆ ಜನ ಸಿಕ್ಕುವುದಿಲ್ಲ, ಸಿಕ್ಕಿದವರು ನಿಲ್ಲುವುದಿಲ್ಲ, ನಿಂತವರು ಹೇಳಿದ ಮಾತು ಕೇಳುವುದಿಲ್ಲ ಎಂಬ ದೂರು ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ನಾಲ್ವರು ಗೃಹಸ್ಥರು ಕೂಡಿದ ಕಡೆಯಲ್ಲೆಲ್ಲ ಕೇಳಿಬರುತ್ತಿರುವುದು. ಈ ದೂರಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ವಾದಿಯ ಮಾತನ್ನು ಮಾತ್ರ ಕೇಳಿ ತೀರ್ಪು ಬರೆಯುವುದು ಯಾವ ನ್ಯಾಯಸ್ಥಾನದ ಪದ್ಧತಿಯೂ ಅಲ್ಲ. ಈ ವ್ಯಾಜ್ಯದ ಪ್ರತಿವಾದಿಯು ಪತ್ರಿಕೆಗೆ ಬರೆಯತಕ್ಕವಳಲ್ಲ. ನಸುಕಿನಲ್ಲಿ ತನ್ನ ಮನೆಯ ಒಲೆ ಹೊತ್ತಿಸಿಟ್ಟು, ಬೆಳಕು ಹರಿಯುವ ಹೊತ್ತಿಗೆ ಪರರ ಮನೆಯ ಅಂಗಳ ಗುಡಿಸುವವಳು. ಆಕೆಯ ಕಡೆಯಿಂದ ಹೇಳಬೇಕಾದುದನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಈಗಿನ ಮನೆಗೆಲಸದಾಕೆಯು ಹಿಂದಿನ ಕಾಲದಂತೆ ಒಂದೇ ಮನೆಯ ಅನ್ನ ಬಟ್ಟೆಗಳನ್ನು ನೆಚ್ಚಿಕೊಂಡು ಹಿತ್ತಲಲ್ಲಿ ಬಿದ್ದಿರುವ ಆಳಲ್ಲ. ಆಕೆ ಮೂರು ನಾಲ್ಕು ಮನೆಗಳನ್ನು ಹಿಡಿದಿರುವವಳು. ಒಂದು ಮನೆಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವುದು, ಮತ್ತೊಂದರಲ್ಲಿ ಬಟ್ಟೆ. ಹೀಗೆ ಕೆಲಸಕ್ಕೆ ಇಷ್ಟೆಂದು ತಿಂಗಳ ಸಂಬಳ. ದರ್ಜಿಯೂ ಬಡಗಿಯೂ ಹೇಗೋ ಹಾಗೆಯೇ ಆಕೆಯೂ ಸ್ವತಂತ್ರ ವೃತ್ತಿಯವಳು. ಒಂದು ಅಂಗಿಯ ಹೊಲಿಗೆಗೆ ಕೂಲಿ ಕೊಟ್ಟು ಎರಡು ಅಂಗಿ ಹೊಲಿದುಕೊಡೆಂದು ದರ್ಜಿಯನ್ನು ಕೇಳುವ ಗೃಹಸ್ಥರನ್ನು ನಾವು ಕಂಡಿಲ್ಲ. ಆದರೆ ಪಾತ್ರೆಗೆಂದು ಗೊತ್ತುಮಾಡಿಕೊಂಡ ಹೆಂಗಸಿಗೆ “ಹಾಗೇ ಆ ಜಗಲೀನೂ ಒಂದಿಷ್ಟು ತೊಳೆದುಬಿಡಮ್ಮ” ಎಂದು ಹೇಳದ ಮನೆಗಳು ಎಷ್ಟಿವೆ?

ಈ ‘ಒಂದಿಷ್ಟು’ ಎಂಬ ಮಾತಿನಲ್ಲಿಯೇ ಸಕಲ ವ್ಯಾಜ್ಯದ ಬೀಜವೂ ಅಡಗಿದೆ. ಇಂದು ಜಗಲಿ, ನಾಳೆ ಬಚ್ಚಲು, ನಾಡಿದ್ದು ಅಟ್ಟದ ಮೇಲಿನ ಧೂಳು. ನಂಜನಗೂಡಿನ ದೊಡ್ಡ ಜಾತ್ರೆಯನ್ನು ನೆನೆಯಿರಿ. ಶ್ರೀಕಂಠೇಶ್ವರಸ್ವಾಮಿಯ ಐದು ತೇರುಗಳು ಬೀದಿಗಿಳಿಯುವ ದಿನಗಳಲ್ಲಿ ಪೇಟೆಯ ಮನೆ ಮನೆಗೂ ನೆಂಟರಿಷ್ಟರು ಬಂದಿಳಿಯುವರು. ನಾಲ್ಕು ತಟ್ಟೆಗಳಿದ್ದ ಕಡೆ ಇಪ್ಪತ್ತಾಗುವುದು. ಒಂದು ಹೊತ್ತಿನ ಪಾತ್ರೆ ಮೂರು ಹೊತ್ತಿನದಾಗುವುದು. ನರಸೀಪುರದ ತ್ರಿವೇಣಿ ಸಂಗಮದಲ್ಲಿ ೧೯೮೯ರಿಂದ ನಡೆದುಬಂದಿರುವ ಕುಂಭಮೇಳದ ಕಾಲದಲ್ಲಿಯೂ ಇದೇ ಸಂಗತಿ. ಅತಿಥಿಸತ್ಕಾರವು ಗೃಹಸ್ಥರ ಧರ್ಮ; ಸಂದೇಹವಿಲ್ಲ. ಆದರೆ ಅದರ ಪುಣ್ಯವು ಯಜಮಾನರಿಗೂ ಅದರ ಎಂಜಲು ಪಾತ್ರೆಗಳ ರಾಶಿಯು ಕೂಲಿಯಿಲ್ಲದೆ ಕೆಲಸದಾಕೆಗೂ ಸೇರತಕ್ಕದ್ದೆಂದು ಯಾವ ಧರ್ಮಶಾಸ್ತ್ರವು ವಿಧಿಸಿದೆ?

ಇನ್ನು ಅಡಿಗೆಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರನ್ನು ನೋಡಿರಿ. ಹಾಲು ಬಾರದ ದಿನಕ್ಕೆ ಒಂದು ಗುರುತು. ಕೆಲಸದಾಕೆ ಬಾರದ ದಿನಕ್ಕೆ ಇನ್ನೊಂದು ಗುರುತು. ತಿಂಗಳ ಕೊನೆಗೆ ಗುರುತುಗಳನ್ನು ಎಣಿಸಿ ಸಂಬಳದಲ್ಲಿ ಮುರಿದುಕೊಳ್ಳುವರು. ಲೆಕ್ಕವಿಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಜಾತ್ರೆಯ ಎಂಟು ದಿನ ಮೂರು ಪಾಲು ದುಡಿದುದಕ್ಕೆ ಆ ಕ್ಯಾಲೆಂಡರಿನಲ್ಲಿ ಯಾವ ಗುರುತೂ ಇರುವುದಿಲ್ಲ. ಖರ್ಚಿನ ಕಲಮು ಮಾತ್ರವಿದ್ದು ಜಮೆಯ ಕಲಮಿಲ್ಲದ ಖಾತೆಯನ್ನು ಯಾವ ಸಾಹುಕಾರನು ಒಪ್ಪಿಯಾನು, ಯಾವ ಲೆಕ್ಕ ತನಿಖೆಯ ಅಧಿಕಾರಿ ಒಪ್ಪಿಯಾನು? ೨೦೧೯ರ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಕೇರಿಗಳಿಗೆ ನೀರು ನುಗ್ಗಿತು. ೨೦೨೦ರ ಮಾರ್ಚ್ ಏಪ್ರಿಲ್‌ಗಳಲ್ಲಿ ಕೊರೋನಾ ರೋಗದ ದೆಸೆಯಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ತನ್ನ ಗುಡಿಸಿಲಿನ ನೀರನ್ನು ಎತ್ತಿ ಹಾಕುತ್ತಿದ್ದವಳಿಗೂ, ಬರಬೇಡವೆಂದು ತಾವೇ ಹೇಳಿ ಕಳುಹಿಸಿದವಳಿಗೂ ಗೈರುಹಾಜರಿಯ ಗುರುತು ಹಾಕಿದ್ದರೆ ಅದು ಲೆಕ್ಕವಲ್ಲ, ನಿರ್ದಯೆ.

ಇದಕ್ಕಿಂತ ಕಠಿನವಾದ ಸಂಗತಿಗಳೂ ಉಂಟು. ಸಂಬಳವನ್ನು ಒಂದನೆಯ ತಾರೀಖಿನಿಂದ ಹತ್ತಕ್ಕೆ, ಹತ್ತರಿಂದ ಹದಿನೈದಕ್ಕೆ ತಳ್ಳುವುದು. ಮಗಳ ಮದುವೆಗೋ ಗಂಡನ ಔಷಧಕ್ಕೋ ಕೊಟ್ಟ ಮುಂಗಡವನ್ನು ಮುಂದೊಡ್ಡಿ, ಬೇರೆ ಮನೆ ಹಿಡಿಯದಂತೆ ಕಟ್ಟಿಹಾಕುವುದು. ಆಕೆಗೆಂದು ಬೇರೆ ಲೋಟ ಇಡುವುದು. ತಾನೇ ದಿನವೂ ಉಜ್ಜುವ ಶೌಚಗೃಹವನ್ನು ಆಕೆ ಉಪಯೋಗಿಸಕೂಡದೆನ್ನುವುದು. ಉಂಗುರವೊಂದು ಕಾಣದಾದರೆ ಮನೆಯವರನ್ನು ಕೇಳುವುದಕ್ಕೆ ಮೊದಲೇ ಆಕೆಯ ಸೆರಗು ಕೊಡವಿಸುವುದು. ಉಂಗುರವು ಮಾರನೆಯ ದಿನ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಬಹುದು. ಹೋದ ಮಾನವು ಸಿಕ್ಕುವುದಿಲ್ಲ. ಕೇರಿಯಲ್ಲಿ ಒಂದು ಸಲ ‘ಕಳ್ಳಿ’ ಎಂಬ ಮಾತು ಹುಟ್ಟಿದರೆ ಉಳಿದ ಮೂರು ಮನೆಗಳ ಕೆಲಸವೂ ಹೋಗುವುದೆಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರೆ?

ಯಜಮಾನರೆಲ್ಲರೂ ಇಂಥವರೆಂದು ನಾವು ಹೇಳಿದರೆ ಅದು ಅನ್ಯಾಯವಾದೀತು. ಮನೆಗೆಲಸದಾಕೆಯ ಮಗನ ಶಾಲೆಯ ಖರ್ಚನ್ನು ಸದ್ದಿಲ್ಲದೆ ವಹಿಸಿಕೊಂಡ ಮನೆಗಳೂ ಉಂಟು. ಹೇಳದೆ ಕೇಳದೆ ನಾಲ್ಕು ದಿನ ನಿಂತುಬಿಡುವ, ಮುಂಗಡ ಪಡೆದು ಮುಖ ತೋರಿಸದ ಕೆಲಸದವರೂ ಉಂಟು. ಆದುದರಿಂದ ದೋಷವು ಒಬ್ಬರ ಸ್ವಭಾವದ್ದು ಎಂಬುದಕ್ಕಿಂತ ಏರ್ಪಾಡಿನದು ಎನ್ನುವುದೇ ಸರಿ. ಹಿಂದೆ ಹಳ್ಳಿಯಲ್ಲಿ ಆಯಗಾರನಿಗೆ ಸುಗ್ಗಿಯ ಕಣದಲ್ಲಿ ಇಷ್ಟು ಧಾನ್ಯ ಸಲ್ಲಬೇಕೆಂಬುದು ಊರಿಗೆಲ್ಲ ತಿಳಿದ ವಿಷಯವಾಗಿತ್ತು. ಆ ಏರ್ಪಾಡಿನಲ್ಲಿ ಜಾತಿಯ ಕಟ್ಟು ಬಿಗಿದಿತ್ತು. ಅದು ಮರಳಿ ಬರಲೆಂದು ಬಯಸುವವರಲ್ಲಿ ನಾವು ಸೇರಿದವರಲ್ಲ. ಆದರೆ ಕೆಲಸವೇನು, ಅದಕ್ಕೆ ಪ್ರತಿಫಲವೇನು ಎಂಬುದು ಅಲ್ಲಿ ಗೊತ್ತಿರುತ್ತಿತ್ತು. ಇಂದಿನ ಪೇಟೆಯ ಮನೆಗೆಲಸದಾಕೆಗೆ ಆ ಆಯವೂ ಇಲ್ಲ, ಈ ಕಾಲದ ಕರಾರೂ ಇಲ್ಲ. ಹಿತ್ತಲ ಬಾಗಿಲಲ್ಲಿ ಅರ್ಧ ಆಡಿ ಅರ್ಧ ನುಂಗಿದ ಮಾತೇ ಅವಳ ಕರಾರು.

ಸರ್ಕಾರದ ಕಾನೂನು ಏನು ಮಾಡಿದೆ ಎಂದು ಕೇಳಬಹುದು. ಏನೂ ಮಾಡಿಲ್ಲವೆನ್ನುವಂತಿಲ್ಲ. ೨೦೦೪ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. ೨೦೦೮ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಶಾಸನವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೨೦೧೧ರಲ್ಲಿ ಅಂಗೀಕರಿಸಿದ ೧೮೯ನೆಯ ಒಡಂಬಡಿಕೆಯು ಮನೆಗೆಲಸದವರಿಗೆ ಕೆಲಸದ ಷರತ್ತುಗಳನ್ನು ತಿಳಿಯುವಂತೆ, ಸಾಧ್ಯವಾದ ಕಡೆ ಬರಹದಲ್ಲಿ, ತಿಳಿಸತಕ್ಕದ್ದೆಂದೂ, ವಾರಕ್ಕೆ ಎಡೆಬಿಡದೆ ೨೪ ಗಂಟೆಗಳ ವಿರಾಮ ಕೊಡತಕ್ಕದ್ದೆಂದೂ ವಿಧಿಸಿದೆ. ಅದಕ್ಕೆ ಭಾರತವು ಮತ ಕೊಟ್ಟಿತು, ಸ್ಥಿರೀಕರಿಸಲಿಲ್ಲ. ೨೦೨೫ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರಿಗಾಗಿ ಪ್ರತ್ಯೇಕ ಶಾಸನದ ವಿಷಯವನ್ನು ಪರಿಶೀಲಿಸಲು ಸಮಿತಿಯನ್ನು ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷ ಕರ್ನಾಟಕ ಸರ್ಕಾರವು ಇವರ ನೋಂದಣಿ, ಕಲ್ಯಾಣನಿಧಿಗಳಿಗಾಗಿ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ಇವೆಲ್ಲ ಸ್ತುತ್ಯವೇ. ಆದರೆ ಕಾರ್ಖಾನೆಯ ಬಾಗಿಲನ್ನು ಹೊಕ್ಕು ಹಾಜರಿ ಪುಸ್ತಕವನ್ನು ನೋಡುವ ಇನ್ಸ್‌ಪೆಕ್ಟರು ಗೃಹಸ್ಥನ ಅಡಿಗೆಮನೆಯನ್ನು ಹೊಕ್ಕು ಕ್ಯಾಲೆಂಡರನ್ನು ನೋಡುವಂತಿಲ್ಲ. ಆದುದರಿಂದ ಇಲ್ಲಿ ಶಾಸನಕ್ಕಿಂತ ಮೊದಲು ನಡೆಯಬೇಕಾದುದು ಮಾತು; ಮೊದಲನೆಯ ದಿನವೇ ಬಿಚ್ಚಿ ಆಡಿದ ಮಾತು.

ಮನೆಗೆಲಸ ಮಾಡುವ ತಾಯಂದಿರಿಗೆ ನಮ್ಮ ವಿಜ್ಞಾಪನೆಯಿದು. ಅಕ್ಷರ ಬಲ್ಲ ಅವರ ಮಕ್ಕಳು ಓದಿ ಹೇಳಲಿ. ಹೊಸ ಮನೆ ಹಿಡಿಯುವ ದಿನವೇ ಕೆಲಸಗಳನ್ನು ಹೆಸರಿಟ್ಟು ಎಣಿಸಿರಿ: ಪಾತ್ರೆ ಎಷ್ಟು ಹೊತ್ತಿನದು, ಎಷ್ಟು ಜನರದು, ಎಷ್ಟು ಕೋಣೆ, ಬಚ್ಚಲು ಸೇರಿದೆಯೋ ಇಲ್ಲವೋ, ನೆಂಟರು ಬಂದರೆ ದಿನಕ್ಕೆಷ್ಟು, ತಿಂಗಳಿಗೆ ರಜೆ ಎಷ್ಟು, ಸಂಬಳ ಯಾವ ತಾರೀಖು, ಬಿಡುವುದಾದರೂ ಬಿಡಿಸುವುದಾದರೂ ಎಷ್ಟು ದಿನ ಮುಂಚೆ ಹೇಳಬೇಕು. ಇವನ್ನು ಒಂದು ಚಿಕ್ಕ ನೋಟುಪುಸ್ತಕದಲ್ಲಿ ಬರೆಯಿಸಿಟ್ಟುಕೊಳ್ಳಿರಿ. ಮುಂಗಡ ಪಡೆದರೆ ಪಡೆದ ಮೊತ್ತವೂ ತೀರಿದ ಮೊತ್ತವೂ ಅದರಲ್ಲಿಯೇ ಇರಲಿ. ಹೆಚ್ಚಿನ ಕೆಲಸ ಹೇಳಿದರೆ ಮುಖ ಸಿಂಡರಿಸಿಕೊಂಡು ಮಾಡಿ ಮನಸ್ಸಿನಲ್ಲಿ ಕುದಿಯುವುದೂ ಬೇಡ, ಪೊರಕೆ ಬಿಸುಟು ಹೊರಡುವುದೂ ಬೇಡ. “ಅಮ್ಮಾವ್ರೇ, ಪಾತ್ರೆಗೆ ಇಷ್ಟು ಅಂತ ಮಾತಾಗಿತ್ತು. ಒರೆಸೋದೂ ಬೇಕು ಅಂದ್ರೆ ಮಾಡ್ತೀನಿ, ಅದಕ್ಕೆ ಇಷ್ಟಾಗುತ್ತೆ” ಎಂದು ನಗುಮುಖದಿಂದಲೇ ಬೆಲೆ ಹೇಳಿರಿ. ಬೆಲೆ ಕೇಳಿದೊಡನೆ ಅನೇಕ ಕೆಲಸಗಳು ಅಷ್ಟೇನೂ ಅವಸರದ್ದಲ್ಲವೆಂದು ಯಜಮಾನಿಯವರಿಗೇ ತೋರುವುದು. ಸಂಬಳ ತಡವಾದರೆ ಮೂರನೆಯ ದಿನವೇ ಕೇಳಿರಿ. ಮೂರು ತಿಂಗಳ ಬಾಕಿಯನ್ನು ಕೇಳುವುದು ಮೂರು ದಿನದ ಬಾಕಿಯನ್ನು ಕೇಳುವುದಕ್ಕಿಂತ ಕಷ್ಟ. ಒಂದು ಮನೆಯ ಗುಟ್ಟನ್ನು ಇನ್ನೊಂದು ಮನೆಗೆ ಒಯ್ಯಬೇಡಿರಿ. ನಿಮ್ಮ ಮಾತಿಗೆ ತೂಕ ಬರುವುದು ಇದರಿಂದಲೇ.

ಬೀರುವಿನ ಬೀಗದ ಕೈಯನ್ನು ವಹಿಸಿಕೊಳ್ಳದಿರುವುದು ಲೇಸು. ಕಳವಿನ ಆರೋಪ ಬಂದರೆ ಹೆದರಿ ಓಡಬೇಡಿರಿ. ಕೇರಿಯ ಇಬ್ಬರು ಹಿರಿಯರನ್ನು ಕರೆಯಿಸಿರಿ. ಸಂಶಯವಿದ್ದವರು ಪೋಲೀಸಿಗೆ ದೂರು ಕೊಡಬಹುದು. ಆದರೆ ಮನೆಯಲ್ಲಿ ಕೂಡಿಹಾಕುವುದಕ್ಕೂ ಹೊಡೆಯುವುದಕ್ಕೂ ಯಾವ ಯಜಮಾನನಿಗೂ ಅಧಿಕಾರವಿಲ್ಲ. ಅವು ಶಿಕ್ಷಾರ್ಹ ಅಪರಾಧಗಳು. ಯಾರಾದರೂ ಅಸಭ್ಯವಾಗಿ ವರ್ತಿಸಿದಲ್ಲಿ, ೨೦೧೩ರ ಶಾಸನದ ಪ್ರಕಾರ ಪರರ ಮನೆಯೂ ಕೆಲಸದ ಸ್ಥಳವೇ ಎಂಬುದನ್ನು ತಿಳಿದಿರಬೇಕು. ಮೂರು ತಿಂಗಳೊಳಗಾಗಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ೧೯೮೭ರ ಕಾನೂನು ಸೇವೆಗಳ ಶಾಸನದಂತೆ ಯಾವ ಹೆಂಗಸೇ ಆಗಲಿ, ಆಕೆಯ ವರಮಾನ ಎಷ್ಟೇ ಇರಲಿ, ವಕೀಲರ ನೆರವನ್ನು ಉಚಿತವಾಗಿ ಪಡೆಯಲು ಅರ್ಹಳು. ಅದಕ್ಕಾಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿಕೊಳ್ಳಬಹುದು.

ಇಷ್ಟಾದರೂ ತಿದ್ದಿಕೊಳ್ಳದ ಮನೆಯನ್ನು ಬಿಡುವುದೇ ಸರಿ; ತಿಂಗಳು ಮುಗಿಸಿ, ಮುಂಚಿತವಾಗಿ ಹೇಳಿ, ಮರ್ಯಾದೆಯಿಂದ ಬಿಡುವುದು. ಬಿಟ್ಟರೆ ಹೊಟ್ಟೆಗೇನು ಎಂಬ ಭಯವು ಹಿಂದಿನಷ್ಟು ಈಗಿರಬೇಕಾಗಿಲ್ಲ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರು ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣ ಮಾಡಬಲ್ಲರು. ನಂಜನಗೂಡಿಗೂ ನರಸೀಪುರಕ್ಕೂ ಮೈಸೂರು ದೂರವಲ್ಲ. ಒಳ್ಳೆಯ ಕೆಲಸದವರು ನಿಲ್ಲುವುದಿಲ್ಲವೆಂದು ದೂರುವ ಗೃಹಸ್ಥರು ಈ ಸಂಗತಿಯನ್ನು ಗಮನಿಸುವುದೊಳ್ಳೆಯದು.

ಒಬ್ಬಳೇ ಹೇಳಿದರೆ ಧಿಮಾಕೆನಿಸುವ ಮಾತು ಹತ್ತು ಮಂದಿ ಹೇಳಿದರೆ ದರವೆನಿಸುವುದು. ಪುಣೆಯ ಮನೆಗೆಲಸದ ಹೆಂಗಸರು ೧೯೮೦ರಲ್ಲಿ ಕೆಲಸ ನಿಲ್ಲಿಸಿ, ಸಂಘ ಕಟ್ಟಿಕೊಂಡು, ಸಂಬಳ ರಜೆಗಳ ವಿಷಯದಲ್ಲಿ ಮಾತುಕತೆಗೆ ಕುಳಿತರು. ನಮ್ಮಲ್ಲಿ ಮುಷ್ಕರದವರೆಗೆ ಹೋಗುವ ಅಗತ್ಯವಿಲ್ಲವೆಂದೇ ನಮ್ಮ ನಂಬಿಕೆ. ಸ್ತ್ರೀಶಕ್ತಿ ಸಂಘಗಳು ವಾರದ ಉಳಿತಾಯದ ಲೆಕ್ಕದೊಡನೆ ಪಾತ್ರೆಗಿಷ್ಟು, ಒರೆಸುವುದಕ್ಕಿಷ್ಟು, ಜಾತ್ರೆಯ ದಿನಕ್ಕಿಷ್ಟು ಎಂಬ ದರದ ಪಟ್ಟಿಯನ್ನೂ ಮಾಡಲಿ. ನಂಜನಗೂಡಿನ ನಗರಸಭೆಯವರೂ ನರಸೀಪುರದ ಪುರಸಭೆಯವರೂ ಕರಾರಿನ ಒಂದು ಸಾದಾ ನಮೂನೆಯನ್ನು ಅಚ್ಚು ಮಾಡಿಸಿ ಮನೆಮನೆಗೆ ಹಂಚಲಿ. ಅದಕ್ಕೆ ತಗಲುವ ಖರ್ಚು ಅತ್ಯಲ್ಪ. ತಪ್ಪುವ ಜಗಳಗಳು ಅನೇಕ.

ಕಡೆಯದಾಗಿ ನಮ್ಮ ವಾಚಕರಿಗೆ, ವಿಶೇಷವಾಗಿ ಅಧಿಕಾರಸ್ಥಾನದಲ್ಲಿರುವ ಮಹನೀಯರಿಗೆ, ಒಂದು ಮಾತು. ತಮ್ಮ ಸಾಂದರ್ಭಿಕ ರಜೆ, ಪ್ರಯಾಣ ಭತ್ಯ, ಹೆಚ್ಚುವರಿ ಪ್ರಭಾರದ ಭತ್ಯ ಇವುಗಳಲ್ಲಿ ಒಂದು ಕಾಸು ಕಡಮೆಯಾದರೂ ನಿಯಮಾವಳಿಯ ಪುಟ ತೆರೆದು ತೋರಿಸುವವರು ತಾವು. ತಮ್ಮ ಮನೆಯ ನೆಲ ಒರೆಸುವಾಕೆಗೂ ಅರ್ಧ ಪುಟದ ನಿಯಮಾವಳಿಯೊಂದು ಇರಲೆಂದು ನಾವು ಕೇಳುವುದು ಅತಿಯಾಯಿತೇ? ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಯನ್ನೂ ಹರಿಜನಸೇವೆಯನ್ನೂ ವ್ರತವಾಗಿ ನಡೆಯಿಸಿದರು. ಗಾಂಧೀಜಿಯವರು ೧೯೦೧ರ ಕಲ್ಕತ್ತೆಯ ಕಾಂಗ್ರೆಸಿನಲ್ಲಿ ತಾವೇ ಪೊರಕೆ ಹಿಡಿದು ಶೌಚಸ್ಥಾನವನ್ನು ಶುಚಿ ಮಾಡಿದರು. ಕೊಳೆಯನ್ನು ತೆಗೆಯುವ ಕೈ ಕೊಳೆಯಾದ ಕೈಯಲ್ಲವೆಂಬ ಪಾಠವನ್ನು ನಾವು ಸಭೆಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅದನ್ನು ಮನೆಯಲ್ಲಿ ಆಚರಿಸಲು ದೊಡ್ಡ ತ್ಯಾಗವೇನೂ ಬೇಕಿಲ್ಲ. ಬರುವ ತಿಂಗಳು ಕ್ಯಾಲೆಂಡರಿನ ಹಾಳೆ ತಿರುವಿದಾಗ, ಬಾರದ ದಿನದ ಗುರುತಿನ ಪಕ್ಕದಲ್ಲಿ ಹೆಚ್ಚು ದುಡಿದ ದಿನದ ಗುರುತನ್ನೂ ಹಾಕಿರಿ. ಒಂದನೆಯ ತಾರೀಖು ಎರಡನ್ನೂ ಕೂಡಿ ಕಳೆದು ಸಲ್ಲಬೇಕಾದುದನ್ನು ಕೈಗೆ ಕೊಡಿರಿ. ಕೆಲಸದವರು ನಿಲ್ಲುವುದಿಲ್ಲವೆಂಬ ದೂರು ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುವುದು.