ಎಂಆರ್‌ಪಿ ಒಂದೇ, ಬಿಲ್ಲು ಮಾತ್ರ ಬೇರೆ

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಸದಾಶಿವನಗರದಂಥ ಬಡಾವಣೆಗಳಿಗೆ ದುಬಾರಿ ಸೂಪರ್ ಮಾರ್ಕೆಟ್ ಹೊಸತಲ್ಲ. 1905ರಲ್ಲಿ ಶುರುವಾಗಿ 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದ ನೀಲಗಿರೀಸ್ ಕಾಲದಿಂದಲೂ ‘ಸ್ವಲ್ಪ ಜಾಸ್ತಿ ಕೊಟ್ಟರೆ ಒಳ್ಳೆಯದು ಸಿಗುವ ಅಂಗಡಿ’ ಎಂಬ ಕಲ್ಪನೆ ಈ ಊರಿಗೆ ಪರಿಚಿತ. ಈಗ ಆ ಕಲ್ಪನೆ ತಣ್ಣನೆಯ ಗಾಳಿ, ಮಂದ ಸಂಗೀತ, ನೀರು ಚಿಮುಕಿಸಿದ ಸೊಪ್ಪಿನ ಸಾಲುಗಳ ರೂಪ ಪಡೆದಿದೆ. ಇಂಥ ಅಂಗಡಿಯ ಬಗ್ಗೆ ಜನ ಎರಡು ಬಗೆಯಲ್ಲಿ ಮಾತಾಡುತ್ತಾರೆ. ಅದು ದುಡ್ಡಿದ್ದವರ ಶೋಕಿ ಎಂದು ಕೆಲವರು ತಳ್ಳಿಹಾಕಿದರೆ, ನಾಳೆ ಆಸ್ಪತ್ರೆಗೆ ಸುರಿಯುವ ಹಣವನ್ನು ಇಂದು ಒಳ್ಳೆಯ ಊಟಕ್ಕೆ ಕೊಡುವುದೇ ಲೇಸು ಎಂದು ಇನ್ನು ಕೆಲವರು ಸಮರ್ಥಿಸುತ್ತಾರೆ. ಇಬ್ಬರೂ ತೀರ್ಪು ಕೊಡುತ್ತಿರುವುದು ಅಂಗಡಿಯ ಬಗ್ಗೆ. ಆದರೆ ನಾವು ಮನೆಗೆ ತರುವುದು ಅಂಗಡಿಯನ್ನಲ್ಲ, ಸಾಮಾನನ್ನು. ಹೆಚ್ಚಿನ ಬೆಲೆ ಸಾರ್ಥಕವೇ ಎಂಬ ಲೆಕ್ಕವನ್ನು ಒಂದೊಂದು ಸಾಮಾನಿಗೂ ಬೇರೆಬೇರೆಯಾಗಿ ಹಾಕಬೇಕು. ಹಾಗೆ ಹಾಕಿದರೆ ಆ ಬಿಲ್ಲಿನ ಬಹುಪಾಲು ಹೆಚ್ಚುವರಿ ಹಣಕ್ಕೆ ಸಮರ್ಥನೆ ಸಿಗುವುದಿಲ್ಲ, ಒಂದು ಸಣ್ಣ ಪಾಲಿಗೆ ಮಾತ್ರ ಸಿಗುತ್ತದೆ ಎಂಬುದು ನನ್ನ ವಾದ.

ಈ ಲೆಕ್ಕ ನಮ್ಮ ದೇಶದಲ್ಲಿ ಬೇರೆ ಕಡೆಗಿಂತ ಸುಲಭ. ಕಾರಣ, ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆಯನ್ನು ಮುದ್ರಿಸಲೇಬೇಕು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುವಂತಿಲ್ಲ. ಒಂದೇ ಪೊಟ್ಟಣಕ್ಕೆ ಮಾಲ್‌ನಲ್ಲೊಂದು, ಬೀದಿಯಲ್ಲೊಂದು ಎಂಆರ್‌ಪಿ ಇಡುವ ಪದ್ಧತಿಗೂ 2018ರ ಜನವರಿಯಿಂದ ತಡೆ ಬಿದ್ದಿದೆ. ಹೋಟೆಲ್‌ನಲ್ಲಿ ನೀರಿನ ಬಾಟಲಿಗೆ ಹೆಚ್ಚು ದರ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಿಜ. ಆದರೆ ಅಲ್ಲಿ ಬಡಿಸುವ ಸೇವೆಯೂ ಸೇರಿದೆ ಎಂಬುದು ಅದಕ್ಕೆ ಆಧಾರ. ದಿನಸಿ ಮಾರುವವರಿಗೆ ಆ ವಿನಾಯಿತಿ ಇಲ್ಲ. ಹಾಗಾಗಿ ನಂದಿನಿ ಹಾಲು, ಪೊಟ್ಟಣದ ಉಪ್ಪು, ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್ ಇವು ಹವಾನಿಯಂತ್ರಿತ ಮಳಿಗೆಯಲ್ಲೂ ಮೂಲೆಯ ಶೆಟ್ಟರ ಅಂಗಡಿಯಲ್ಲೂ ಒಂದೇ ಮಿತಿಯೊಳಗೆ ಸಿಗುತ್ತವೆ. ಹಾಗಿದ್ದೂ ಒಂದು ಮನೆಯ ತಿಂಗಳ ಬಿಲ್ಲು ಅಲ್ಲಿಗೆ ಹೋದರೆ ಏರುತ್ತದೆ ಎಂದ ಮೇಲೆ, ಏರಿಕೆ ಹುಟ್ಟುವ ಜಾಗ ಬೇರೆಯೇ ಇರಬೇಕು.

ಅದು ಹುಟ್ಟುವುದು ಹೋಲಿಕೆ ತಪ್ಪಿಹೋಗುವ ಕಡೆ. ಎಲ್ಲೆಡೆ ಸಿಗುವ ಸಾಮಾನಿನ ಬೆಲೆ ಏರಿಸಲಾಗದ ಅಂಗಡಿ, ಎಲ್ಲೆಡೆ ಸಿಗದ ಸಾಮಾನನ್ನು ಮುಂದಿಡುತ್ತದೆ: ಆಮದಾದ ಹಣ್ಣು, ಅಂಗಡಿಯದೇ ಹೆಸರಿನ ಬೇಳೆ ಮತ್ತು ಒಣಹಣ್ಣು, ಗಾಜಿನ ಸೀಸೆಯ ಜೇನು, ವಿಚಿತ್ರ ತೂಕದ ಪೊಟ್ಟಣಗಳು. 340 ಗ್ರಾಂನ ಸೀಸೆಯನ್ನು ಅರ್ಧ ಕೆ.ಜಿ.ಯ ಸೀಸೆಯೊಂದಿಗೆ ನಿಂತ ನಿಲುವಿನಲ್ಲಿ ತೂಗಿ ನೋಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಇನ್ನೊಂದು ಕಾರಣ ಅಂಗಡಿಯ ವಿನ್ಯಾಸದಲ್ಲೇ ಇದೆ. ದಿನಸಿ ಅಂಗಡಿಯಲ್ಲಿ ಗಿರಾಕಿ ಕಟ್ಟೆಯ ಈಚೆ ನಿಂತು ಚೀಟಿ ಕೊಡುತ್ತಾರೆ, ಚೀಟಿಯಲ್ಲಿ ಇದ್ದದ್ದಷ್ಟೇ ಚೀಲಕ್ಕೆ ಬೀಳುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಕೈ ತಾನಾಗಿ ಓಡಾಡುತ್ತದೆ. ಕಣ್ಣಿನ ಎತ್ತರದಲ್ಲಿ ಯಾವುದಿರಬೇಕು, ಬಿಲ್ಲು ಹಾಕುವ ಸಾಲಿನ ಪಕ್ಕ ಯಾವುದಿರಬೇಕು ಎಂಬುದನ್ನು ಮೊದಲೇ ಯೋಚಿಸಿ ಇಟ್ಟಿರುತ್ತಾರೆ. ದುಬಾರಿ ಅಂಗಡಿಯಲ್ಲಿ ನಾವು ಹೆಚ್ಚು ತೆರುವುದು ಅದೇ ಸಾಮಾನಿಗೆ ಹೆಚ್ಚು ಬೆಲೆ ಕೊಟ್ಟಲ್ಲ, ಬೇರೆ ಸಾಮಾನನ್ನು ಬುಟ್ಟಿಗೆ ಹಾಕಿಕೊಂಡು.

ಈ ಹೆಚ್ಚಳ ಎಷ್ಟು ದೊಡ್ಡದು? 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿಯೊಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಶೇ 40ಕ್ಕೆ ಹತ್ತಿರ, ಅಂದರೆ ತಲೆಗೆ ಸುಮಾರು 2,775 ರೂಪಾಯಿ. ನಾಲ್ಕು ಜನರ ಮನೆಗೆ ಇದು 11,000 ರೂಪಾಯಿ ದಾಟುತ್ತದೆ. ಅಂಗಡಿ ಬದಲಿಸಿದ್ದರಿಂದ ಈ ಖರ್ಚು ಬರೀ ಶೇ 10ರಷ್ಟು ಏರಿತು ಎಂದು ಇಟ್ಟುಕೊಂಡರೂ ವರ್ಷಕ್ಕೆ 13,000 ರೂಪಾಯಿಗೂ ಮೇಲೆ ಹೋಗುತ್ತದೆ. ದುಬಾರಿ ಮಳಿಗೆಗೆ ಹೋಗುವ ಮನೆಗಳ ಖರ್ಚು ಸರಾಸರಿಗಿಂತ ಹೆಚ್ಚೇ ಇರುವುದರಿಂದ ಅಲ್ಲಿ ಈ ಮೊತ್ತವೂ ಹಿಗ್ಗುತ್ತದೆ. ‘ಉಳ್ಳವರಿಗೆ ಇದೇನು ಮಹಾ’ ಎನ್ನಬಹುದು, ಸರಿಯೇ. ಆದರೆ ಇಂಥ ಅಂಗಡಿಗಳ ಗಿರಾಕಿಗಳೆಲ್ಲ ಸಿರಿವಂತರಲ್ಲ. ಮಕ್ಕಳ ಆರೋಗ್ಯದ ಹೆಸರಿನಲ್ಲಿ ಬೇರೆ ಖರ್ಚು ಬಿಗಿಹಿಡಿದು ಅಲ್ಲಿಗೆ ಹೋಗುವ ಮಧ್ಯಮ ವರ್ಗದವರೂ ಇದ್ದಾರೆ, ನನ್ನ ಪ್ರಶ್ನೆ ಅವರದು.

ಅವರ ಮೊದಲ ಆಕ್ಷೇಪವೂ ಆರೋಗ್ಯದ್ದೇ: ಸಾವಯವ ಬೇಕಾದರೆ ಅಲ್ಲಿಗೇ ಹೋಗಬೇಕಲ್ಲವೆ? ಈ ವಿಷಯದಲ್ಲಿ ವಿಜ್ಞಾನ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚು ಎನ್ನಲು ಗಟ್ಟಿ ಪುರಾವೆ ಇಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಡಿಮೆ ಎಂದಿತು. 2014ರಲ್ಲಿ ಬ್ರಿಟನ್‌ನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮುಂದಾಳಾದ ಇನ್ನೊಂದು ದೊಡ್ಡ ಪರಿಶೀಲನೆ, ಸಾವಯವ ಬೆಳೆಯಲ್ಲಿ ಉತ್ಕರ್ಷಣ ನಿರೋಧಕಗಳು ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದು ವಾದಿಸಿತು. ರಾಸಾಯನಿಕದ ಉಳಿಕೆ ಕಡಿಮೆ ಎಂಬುದರಲ್ಲಿ ಎರಡೂ ಒಂದಾಗುತ್ತವೆ. ಆ ಒಂದು ಕಾರಣಕ್ಕೆ ಹೆಚ್ಚು ಹಣ ಕೊಡುವುದು ತಪ್ಪಲ್ಲ. ಆದರೆ ಆ ಹಣ ಸಲ್ಲಬೇಕಾದದ್ದು ಪ್ರಮಾಣಪತ್ರಕ್ಕೆ, ಅಂಗಡಿಯ ಹೆಸರಿಗಲ್ಲ. 2017ರ ಸಾವಯವ ಆಹಾರ ನಿಯಮಗಳ ನಂತರ ಪ್ರಮಾಣಿತ ಪೊಟ್ಟಣಕ್ಕೆ ‘ಜೈವಿಕ್ ಭಾರತ್’ ಗುರುತು ಬಂದಿತು. ಇಂಥ ಗುರುತು ಸಣ್ಣ ಅಂಗಡಿಯ ಪೊಟ್ಟಣದ ಮೇಲಿದ್ದರೂ ಅದೇ ಅರ್ಥ, ದೊಡ್ಡ ಮಳಿಗೆಯಲ್ಲಿದ್ದರೂ ಅದೇ ಅರ್ಥ. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’, ‘ದೇಸಿ’ ಎಂಬ ಪದಗಳಿಗೆ ಆ ಬಲವಿಲ್ಲ.

ದುಬಾರಿಯೆಲ್ಲ ಆರೋಗ್ಯಕರವೂ ಅಲ್ಲ ಎಂಬುದಕ್ಕೆ ಉಪ್ಪೇ ಸಾಕ್ಷಿ. ಗುಲಾಬಿ ಬಣ್ಣದ ಕಲ್ಲುಪ್ಪು ಸಾದಾ ಉಪ್ಪಿನ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಅದರಲ್ಲಿಯೂ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜಗಳು ಚಿಟಿಕೆ ಉಪ್ಪಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅದಕ್ಕೆ ಅಯೋಡಿನ್ ಸೇರಿಸಿರದಿದ್ದರೆ ನಷ್ಟವೇ ಹೆಚ್ಚು. ಮಲೆನಾಡಿನ ಭಾಗಗಳಲ್ಲಿ ಗಳಗಂಡ ಎಷ್ಟು ಸಾಮಾನ್ಯವಾಗಿತ್ತು ಎಂಬುದನ್ನು ಅಲ್ಲಿನ ಹಿರಿಯರು ಬಲ್ಲರು. ಅದನ್ನು ತಗ್ಗಿಸಲು ನೆರವಾದದ್ದು ಅಗ್ಗದ ಅಯೋಡಿನ್ ಉಪ್ಪು. ರಾಗಿಯದು ಇನ್ನೊಂದು ಕಥೆ. 2025–26ರ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕೆ.ಜಿ.ಗೆ ಸುಮಾರು 49. ಅದೇ ರಾಗಿ ‘ಮಿಲೆಟ್’ ಆಗಿ, ಕುಕ್ಕಿಯಾಗಿ, ಚಿಪ್ಸ್ ಆಗಿ ಬಣ್ಣದ ಪೊಟ್ಟಣಕ್ಕೆ ಇಳಿದಾಗ ಸಕ್ಕರೆ, ಎಣ್ಣೆ, ಮೈದಾ ಜೊತೆಗೂಡಿರುತ್ತವೆ, ಬೆಲೆ ಮಾತ್ರ ರಾಗಿಯ ಹೆಸರಿನಲ್ಲಿ ಏರಿರುತ್ತದೆ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿ ಇರುವುದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ. ಅಲ್ಲಿ ರಾಗಿ ಎಷ್ಟನೆಯದು ಎಂದು ನೋಡಿದರೆ ಸಾಕು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಪಕ್ಕದಲ್ಲೇ ವಿಮಾನ, ಹಡಗು ಹತ್ತಿ ಬಂದ ‘ಅವಕಾಡೊ’ವನ್ನು ದುಬಾರಿಗೆ ಕೊಳ್ಳುವುದೂ ಇದೇ ಜಾತಿಗೆ ಸೇರಿದ್ದು.

ಎರಡನೆಯ ಆಕ್ಷೇಪ ಕಲಬೆರಕೆಯದು. ಬಿಡಿಯಾಗಿ ತೂಗುವ ಬೇಳೆ, ಮೆಣಸಿನಪುಡಿ, ಎಣ್ಣೆಯನ್ನು ನಂಬುವುದು ಹೇಗೆ ಎಂಬ ಭಯಕ್ಕೆ ಆಧಾರವಿದೆ. ಆದರೆ ಆ ಭಯಕ್ಕೆ ಮದ್ದು ದುಬಾರಿ ಅಂಗಡಿಯಲ್ಲ, ಗುರುತುಳ್ಳ ಪೊಟ್ಟಣ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಾದ ತಿಂಗಳು, ಅಗ್‌ಮಾರ್ಕ್ ಇವೆಲ್ಲ ಸಾಮಾನ್ಯ ದಿನಸಿ ಅಂಗಡಿಯ ಪೊಟ್ಟಣದ ಮೇಲೂ ಇರುತ್ತವೆ. ಪೊಟ್ಟಣವೇ ಅಂತಿಮ ಭರವಸೆಯೂ ಅಲ್ಲ: 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಬೆರಳು ತೋರಿದ್ದು ಭಾರತದ ಹೆಸರಾಂತ ಬ್ರ್ಯಾಂಡ್‌ಗಳ ಮಸಾಲೆಗಳತ್ತ. ಅಂಥ ಮಸಾಲೆಯನ್ನು ಎಷ್ಟು ಹೊಳೆಯುವ ಕಪಾಟಿನಿಂದ ತೆಗೆದುಕೊಂಡರೂ ಅದು ಅದೇ ಮಸಾಲೆ. ತಪಾಸಣೆ ನಡೆಯಬೇಕಾದದ್ದು ಕಾರ್ಖಾನೆಯಲ್ಲಿ, ಪ್ರಯೋಗಾಲಯದಲ್ಲಿ. ನಿರ್ಮಲವಾದ ನೆಲಹಾಸು ಆ ಕೆಲಸ ಮಾಡಲಾರದು. ಸಾರ್ವಜನಿಕ ತಪಾಸಣೆ ದುರ್ಬಲವಾದಷ್ಟೂ ಜನ ಖಾಸಗಿ ಹೊಳಪನ್ನೇ ಸುರಕ್ಷತೆ ಎಂದು ನಂಬುತ್ತಾರೆ, ಅದಕ್ಕೆ ಹಣವನ್ನೂ ತೆರುತ್ತಾರೆ.

ತರಕಾರಿ, ಹಣ್ಣಿನ ವಿಷಯದಲ್ಲಿ ದುಬಾರಿ ಅಂಗಡಿಯ ಪರ ಹೇಳಬೇಕಾದ ಮಾತು ನಿಜವಾಗಿಯೂ ಇದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು 2015ರಲ್ಲಿ ಅಂದಾಜಿಸಿದಂತೆ ಕೊಯ್ಲಿನ ನಂತರ ಹಣ್ಣು ತರಕಾರಿಗಳು ಬೆಳೆಯನ್ನು ಅವಲಂಬಿಸಿ ಸುಮಾರು ಶೇ 5ರಿಂದ 16ರವರೆಗೆ ಹಾಳಾಗುತ್ತವೆ. ವಿಂಗಡಿಸುವುದಕ್ಕೆ, ತಂಪಿನಲ್ಲಿ ಸಾಗಿಸುವುದಕ್ಕೆ, ಕೊಳೆತದ್ದನ್ನು ಎಸೆಯುವುದಕ್ಕೆ ಖರ್ಚಿದೆ. ಗಿರಾಕಿ ಅದನ್ನು ಕೊಟ್ಟರೆ ಮನೆಯಲ್ಲಿ ಎಸೆಯುವ ಪಾಲು ಕಡಿಮೆಯಾಗುತ್ತದೆ. ಅರ್ಧ ಕೊಳೆತ ಟೊಮೆಟೊ ಅಗ್ಗಕ್ಕೆ ತಂದರೆ ಅದು ಅಗ್ಗವಲ್ಲ. ಆದರೆ ಈ ಅನುಕೂಲ ಆ ಅಂಗಡಿಯೊಂದರದೇ ಸ್ವತ್ತಲ್ಲ. 1959ರಲ್ಲಿ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಬೆಳೆಗಾರರಿಂದಲೇ ಕೊಂಡು, ದಿನದ ದರವನ್ನು ಬಹಿರಂಗವಾಗಿ ಪ್ರಕಟಿಸಿ ಮಾರುತ್ತ ಬಂದಿದೆ. ಬೆಳಗಿನ ತಳ್ಳುಗಾಡಿಯ ಸೊಪ್ಪಿನಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ನಾವೇ ಆರಿಸಿಕೊಳ್ಳಬಹುದು, ಮೇಲೆ ಕೊಸರೂ ಸಿಗುತ್ತದೆ. ಜಾಸ್ತಿ ಕೊಟ್ಟರೆ ರೈತನಿಗೂ ಜಾಸ್ತಿ ಹೋಗುತ್ತದೆ ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ರಿಸರ್ವ್ ಬ್ಯಾಂಕ್ 2024ರಲ್ಲಿ ಹೊರತಂದ ಅಧ್ಯಯನ ಪ್ರಬಂಧದ ಪ್ರಕಾರ ಗ್ರಾಹಕ ಕೊಡುವ ರೂಪಾಯಿಯಲ್ಲಿ ರೈತನಿಗೆ ಸಿಗುವುದು ಟೊಮೆಟೊದಲ್ಲಿ 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಅಂಗಡಿಯ ಬೆಲೆ ಏರಿದ ಮಾತ್ರಕ್ಕೆ ಈ ಪಾಲು ಏರುವುದಿಲ್ಲ. ಏರಿದ ಬೆಲೆಯಲ್ಲಿ ಬಾಡಿಗೆ, ವಿದ್ಯುತ್ತು, ಜಾಹೀರಾತುಗಳಿಗೂ ಪಾಲಿದೆ.

ಮೂರನೆಯ ಆಕ್ಷೇಪವನ್ನು ಹಗುರವಾಗಿ ನೋಡಬಾರದು. ಸಮಯ, ಶುಚಿತ್ವ, ಮರ್ಯಾದೆ ಇವಕ್ಕೂ ಬೆಲೆಯಿಲ್ಲವೆ? ಸಮತಟ್ಟಾದ ನೆಲವಿರುವ, ಗಾಲಿಕುರ್ಚಿ ಓಡಾಡುವ, ಕೂಗಾಟವಿಲ್ಲದ, ಚೌಕಾಸಿಗೆ ಬಾಯಿಲ್ಲದವರಿಗೂ ಒಂದೇ ದರ ಹೇಳುವ ಅಂಗಡಿ ವಯಸ್ಸಾದವರಿಗೆ, ಅಂಗವಿಕಲರಿಗೆ, ಭಾಷೆ ಬಾರದ ಹೊಸಬರಿಗೆ ದೊಡ್ಡ ಅನುಕೂಲ. ಬಿಲ್ಲು ಸಿಗುವುದರಿಂದ ದೂರು ಕೊಡುವ ಹಕ್ಕೂ ಗಟ್ಟಿಯಾಗುತ್ತದೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಇವು ದುಬಾರಿ ಅಂಗಡಿಯ ಗುಣಗಳಲ್ಲ, ವ್ಯವಸ್ಥಿತ ಅಂಗಡಿಯ ಗುಣಗಳು. ಸಾಧಾರಣ ಬೆಲೆಯ ಸೂಪರ್ ಮಾರ್ಕೆಟ್‌ಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಸಮಯದ ಲೆಕ್ಕವೂ ಎರಡಲಗಿನದು: ಕಾರು ನಿಲ್ಲಿಸಲು ಜಾಗ ಹುಡುಕಿ, ಹತ್ತು ಸಾಲು ಸುತ್ತುವುದಕ್ಕಿಂತ ಮೂಲೆಯ ಅಂಗಡಿಗೆ ಚೀಟಿ ಕಳಿಸುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ.

ನನ್ನ ವಾದಕ್ಕೇ ತಿರುಗಿ ಬರುವ ಇನ್ನೊಂದು ಪ್ರಶ್ನೆಯಿದೆ. ಮೂಲೆಯ ಅಂಗಡಿಯವರೂ ಎಂಆರ್‌ಪಿಗೇ ಮಾರುತ್ತಾರಲ್ಲ, ದೊಡ್ಡ ಮಳಿಗೆ ಕೆಲವೊಮ್ಮೆ ರಿಯಾಯಿತಿಯನ್ನೂ ಕೊಡುತ್ತದಲ್ಲ? ಹೌದು. ಅದಕ್ಕೇ ನಾನು ಅಂಗಡಿಗೆ ಅಂಗಡಿಯನ್ನು ಎದುರು ನಿಲ್ಲಿಸುತ್ತಿಲ್ಲ. ರಿಯಾಯಿತಿ ಸಿಗುವ ಸಾಮಾನನ್ನು ಎಲ್ಲಿ ಸಿಕ್ಕರೂ ಕೊಳ್ಳಬಹುದು. ಬೆಲೆ ತೂಗಲು ಸಾಧನವೂ ಇದೆ: 2021ರ ತಿದ್ದುಪಡಿ ಪೊಟ್ಟಣದ ಮೇಲೆ ಗ್ರಾಂ ಅಥವಾ ಮಿಲಿಲೀಟರ್ ಲೆಕ್ಕದ ಬಿಡಿ ದರವನ್ನೂ ಅಚ್ಚು ಹಾಕಿಸುವ ವ್ಯವಸ್ಥೆ ತಂದಿತು. ಅಕ್ಷರ ಸಣ್ಣದು, ಆದರೆ 340 ಗ್ರಾಂನ ಒಗಟನ್ನು ಬಿಡಿಸುವುದು ಅದೇ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪೊಟ್ಟಣದ ಅಕ್ಕಿ, ಬೇಳೆಗೆ ಶೇ 5 ಜಿಎಸ್‌ಟಿ ಬಂದಿತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಅದು ಅನ್ವಯಿಸಲಿಲ್ಲ. ಅಂದರೆ ನಂಬಿಕೆಯ ಅಂಗಡಿಯೊಂದು ಇದ್ದರೆ ಬಿಡಿ ಬೇಳೆಯಲ್ಲಿ ಉಳಿತಾಯವೂ ಇದೆ. ಇನ್ನೊಂದು ಬದಿಯಲ್ಲಿ, ಗೋಧಿಯ ಗ್ಲುಟೆನ್ ಸಹಿಸದ ಸೀಲಿಯಾಕ್ ರೋಗಿಗೆ ಕೆ.ಜಿ.ಗೆ 20 ಮಿ.ಗ್ರಾಂ ಮೀರದ ಗ್ಲುಟೆನ್ ಮಿತಿಯ ಹಿಟ್ಟು, ತಂಪಿನ ಸರಪಳಿ ಮುರಿಯಬಾರದ ಚೀಸು, ಮೀನು, ಮಾಂಸ ಇಂಥವಕ್ಕೆ ದುಬಾರಿ ಅಂಗಡಿಯೇ ಹತ್ತಿರದ ದಾರಿಯಾದರೆ ಅಲ್ಲಿ ಕೊಟ್ಟ ಹೆಚ್ಚುವರಿ ರೂಪಾಯಿ ಸಾರ್ಥಕ. ಆ ಪಟ್ಟಿ ಚಿಕ್ಕದು. ಅದನ್ನು ಬರೆದುಕೊಂಡು ಹೋಗಿ, ಅಷ್ಟನ್ನೇ ತಂದರೆ ಲೆಕ್ಕ ತಪ್ಪುವುದಿಲ್ಲ.

ಹೆಚ್ಚು ಬೆಲೆ ಕೇಳುವುದು ತಪ್ಪಲ್ಲ, ಯಾತಕ್ಕೆ ಎಂದು ಹೇಳದೆ ಕೇಳುವುದು ತಪ್ಪು. ಟೊಮೆಟೊ ಬುಟ್ಟಿಯ ಮೇಲೆ ಬೆಲೆಯ ಜೊತೆಗೆ ಅದು ಕೋಲಾರದ್ದೋ ಚಿಕ್ಕಬಳ್ಳಾಪುರದ್ದೋ, ಯಾವತ್ತು ಕೊಯ್ದದ್ದು, ಬೆಳೆದವರಿಗೆ ಕೆ.ಜಿ.ಗೆ ಎಷ್ಟು ಸಂದಿತು ಎಂಬ ಮೂರು ಸಾಲು ಬರೆದಿಟ್ಟರೆ ಯಾವ ಅಂಗಡಿಗೂ ನಷ್ಟವಿಲ್ಲ. ಕೊಂಡ ಲೆಕ್ಕ ಅವರ ಬಳಿ ಇದ್ದೇ ಇರುತ್ತದೆ. ಹಾಗೆ ಬರೆದ ದಿನ ಹತ್ತು ರೂಪಾಯಿ ಹೆಚ್ಚು ಕೊಡಬೇಕೋ ಬೇಡವೋ ಎಂದು ಗಿರಾಕಿ ತಿಳಿದು ತೀರ್ಮಾನಿಸಬಹುದು. ಅಲ್ಲಿಯವರೆಗೆ ಕೈಯಲ್ಲೊಂದು ಚೀಟಿ ಇರಲಿ.