ಪಂದ್ಯದ ರಾತ್ರಿ, ಪಕ್ಕದ ಮನೆಯ ನಾಯಿ

ಐಪಿಎಲ್ ಋತುವಿನ ಶನಿವಾರ, ಭಾನುವಾರಗಳಲ್ಲಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಯವರು ಮಡಿಕೇರಿಗೋ ಸಕಲೇಶಪುರಕ್ಕೋ ಹೊರಡುತ್ತಾರೆ, ಅವರ ನಾಯಿ ಪಕ್ಕದ ಮನೆ ಸೇರುತ್ತದೆ. ಆ ಮನೆಯಲ್ಲಿ ಮಧ್ಯಾಹ್ನ ಮೂರೂವರೆಗೊಂದು ಪಂದ್ಯ, ಸಂಜೆ ಏಳೂವರೆಗೆ ಇನ್ನೊಂದು. ‘ಹೇಗೂ ಮ್ಯಾಚ್ ನೋಡ್ತಾ ಮನೇಲೇ ಇರ್ತೀರಲ್ಲ, ಸ್ವಲ್ಪ ನೋಡ್ಕೊಳ್ಳಿ’ ಎಂಬಲ್ಲಿಗೆ ಮಾತುಕತೆ ಮುಗಿಯುತ್ತದೆ. ಹೀಗೆ ಹಗುರವಾಗಿ ಒಪ್ಪಿಸುವುದೂ ತಪ್ಪು, ಒಪ್ಪಿಕೊಳ್ಳುವುದೂ ತಪ್ಪು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಷ್ಟು ಹಿಂದೆಯೇ ಇದನ್ನು ಸ್ಪಷ್ಟಪಡಿಸಿದೆ. ಅದರ 3ನೇ ಕಲಂ ಪ್ರಕಾರ, ಪ್ರಾಣಿ ಯಾರ ವಶದಲ್ಲಿದೆಯೋ, ಯಾರು ಅದನ್ನು ನೋಡಿಕೊಳ್ಳುತ್ತಿದ್ದಾರೋ ಅವರೇ ಅದರ ಕ್ಷೇಮಕ್ಕೆ ಹೊಣೆ. ಎರಡು ದಿನದ ಮಟ್ಟಿಗೆ ಇಟ್ಟುಕೊಂಡವರಿಗೆ ವಿನಾಯಿತಿಯೇನಿಲ್ಲ.

ಪಂದ್ಯದ ರಾತ್ರಿಯಂತೂ ನಾಯಿಗೆ ಅತಿ ಕಷ್ಟದ ಹೊತ್ತು. ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸಿಕೊಂಡರೆ ನಾಯಿಯದು 40,000ವನ್ನೂ ದಾಟುತ್ತದೆ. ನಮಗೆ ಕೇಳಿಸದಷ್ಟು ಮೆಲುದನಿಯೂ ಅದಕ್ಕೆ ಕೇಳುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಮಣಿಸಿ ಮೊದಲ ಬಾರಿ ಕಪ್ ಎತ್ತಿದಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಪಟಾಕಿ ಸಿಡಿಯಿತು. ಹದಿನೆಂಟು ಋತುಗಳ ಕಾಯುವಿಕೆಯದು, ಆ ಸಂತಸ ಸಹಜವೇ. ಆದರೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಹೊಡೆಯಬಾರದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ, ಏಳೂವರೆಯ ಪಂದ್ಯ ಮುಗಿಯುವುದೇ ಹತ್ತು ದಾಟಿದ ಮೇಲೆ. ತನ್ನ ಮನೆಯಲ್ಲಿದ್ದರೆ ಬೆದರಿದ ನಾಯಿ ಮಂಚದಡಿಯ ಪರಿಚಿತ ಮೂಲೆಗೆ ನುಗ್ಗುತ್ತದೆ. ಪರರ ಮನೆಯಲ್ಲಿ ಅಂಥ ಮೂಲೆ ಅದಕ್ಕೆ ಗೊತ್ತಿಲ್ಲ. ಬಾಗಿಲು ತೆರೆದಿದ್ದರೆ ಓಡುತ್ತದೆ. ಓಡಿದ ಮೇಲೆ ದಾರಿಯೂ ತಿಳಿಯದು, ಕರೆಯುವವರ ದನಿಯೂ ಅದಕ್ಕೆ ಹೊಸದು.

ಟಿವಿ ಮುಂದೆ ಕೂತವರು ಮನೆಯಲ್ಲೇ ಇರುತ್ತಾರಲ್ಲ, ಖಾಲಿ ಮನೆಯಲ್ಲಿ ಬಿಟ್ಟುಹೋಗುವುದಕ್ಕಿಂತ ಅದೇ ಮೇಲಲ್ಲವೇ ಎಂದು ಕೇಳಬಹುದು. ಖಂಡಿತ ಮೇಲು. ಒಬ್ಬರೇ ಕುಳಿತು ನೋಡುವ ಪಂದ್ಯ ನಾಯಿಗೆ ಒಳ್ಳೆಯ ಜೊತೆಯೇ. ಪಂದ್ಯಕ್ಕೆಂದು ಹತ್ತು ಜನ ಸೇರಿದಾಗ ತೊಂದರೆ ಶುರು. ಬಾಗಿಲು ಪದೇ ಪದೇ ತೆರೆಯುತ್ತದೆ, ಸಿಕ್ಸರಿಗೊಮ್ಮೆ ಕೂಗು ಏಳುತ್ತದೆ, ಈರುಳ್ಳಿ ಪಕೋಡ, ಚಾಕೊಲೇಟ್, ಒಣದ್ರಾಕ್ಷಿಯ ತಟ್ಟೆಗಳು ಮೂತಿಯ ಎತ್ತರಕ್ಕೇ ಇರುತ್ತವೆ. ಈ ಮೂರೂ ನಾಯಿಗೆ ವಿಷ. ಈರುಳ್ಳಿ ರಕ್ತಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಪ್ರೀತಿಯಿಂದ ತುತ್ತು ಕೊಡುವ ಅತಿಥಿಗೆ ಇದು ಗೊತ್ತಿರಬೇಕೆಂದೇನಿಲ್ಲ, ನಾಯಿಯನ್ನು ಒಪ್ಪಿಕೊಂಡವರಿಗೆ ಗೊತ್ತಿರಲೇಬೇಕು. ಬೆಕ್ಕಿನ ವಿಷಯ ಸುಲಭ. ಅದನ್ನು ಸ್ಥಳಾಂತರಿಸದೆ, ಕೀಲಿ ಪಡೆದು ಅದರ ಮನೆಗೇ ಹೋಗಿ ಊಟವಿಟ್ಟು ಬರುವುದು ಮೇಲು.

ನೆರೆಹೊರೆಯ ನಡುವೆ ನಾಯಿಯ ವಿವರ ಬರೆದ ಚೀಟಿ, ನೋಡಿಕೊಂಡದ್ದಕ್ಕೆ ಹಣ ಎಂದು ಲೆಕ್ಕ ಹಿಡಿದರೆ ಬಾಂಧವ್ಯ ಉಳಿದೀತೇ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಹಣ ಬೇಡವಾದರೆ ಬಿಡಿ, ಚೀಟಿ ಬೇಕೇ ಬೇಕು. ಪಶುವೈದ್ಯರ ನಂಬರು, ಔಷಧಿಯ ಹೊತ್ತು, ಲಸಿಕೆಯ ಪುಸ್ತಕ, ಸದ್ದಿಗೆ ಹೆದರುತ್ತದೆಯೋ ಇಲ್ಲವೋ ಎಂಬ ಮಾಹಿತಿ ಕೇಳುವುದು ಅಪನಂಬಿಕೆಯಲ್ಲ. ಮಗುವನ್ನು ಒಪ್ಪಿಸುವಾಗ ಇಷ್ಟನ್ನೂ ಹೇಳಿಯೇ ಹೋಗುತ್ತೇವೆ. ಇಕ್ಕಟ್ಟಾಗುವುದು ಆಗದೆಂದು ಹೇಳಬೇಕಾದ ಹೊತ್ತಿಗೆ ಹೇಳದಿದ್ದಾಗ. ಚಿನ್ನಸ್ವಾಮಿಯ ಟಿಕೆಟ್ಟೋ ಮನೆತುಂಬ ಗೆಳೆಯರೋ ಇರುವ ವಾರ ‘ಈ ಸಲ ಆಗುವುದಿಲ್ಲ’ ಎಂದು ಬುಧವಾರವೇ ಹೇಳಿದರೆ ನಾಯಿಯವರಿಗೆ ಬೇರೆ ವ್ಯವಸ್ಥೆ ಹುಡುಕಲು ಎರಡು ದಿನ ಸಿಗುತ್ತದೆ. ಕಾರಿಗೆ ಸಾಮಾನು ತುಂಬಿದ ಮೇಲೆ ಹೇಳಿದರೆ ಕೈಗೆ ಸಿಕ್ಕವರಿಗೆ ನಾಯಿಯ ಹಗ್ಗ ಕೊಟ್ಟು ಹೊರಟುಬಿಡುತ್ತಾರೆ.